ಅವಸರದ ಕ್ಷಮೆ

ಓದಿ ಓದಿ ಮರುಳಾಗುವವರನ್ನು ಕಂಡಿದ್ದೇನೆ. ಓದಿ ಹಗುರಾಗಿ ಮನೆಗೆ ಹೋದವನನ್ನು ಕಂಡದ್ದು ಒಬ್ಬನನ್ನೇ, ಡ್ವೈಟ್ ಹಾಲ್ಕಂಬ್‌ನನ್ನು.

ಅಲಬಾಮಾದ ನಮ್ಮ ಸಣ್ಣ ಊರಿನಲ್ಲಿ ರಸ್ತೆಯ ಈಚೆ ನಮ್ಮ ಕಪ್ಪು ಜನರ ಚರ್ಚು, ಆಚೆ ಡ್ವೈಟ್‌ನಂಥ ಬಿಳಿಯರದು. ದೇವರು ಒಬ್ಬನೇ, ಬೀಗ ಎರಡು. ಆ ವರ್ಷ ನಮ್ಮ ಪಾಸ್ಟರ್ ಗ್ಯಾಡ್ಸನ್ ಬುಧವಾರ ಸಂಜೆ ಎರಡೂ ಕಡೆಯವರನ್ನು ನಮ್ಮ ಊಟದ ಕೋಣೆಯಲ್ಲಿ ಕೂರಿಸಿ ಪುಸ್ತಕ ಓದಿಸತೊಡಗಿದರು. ಬಣ್ಣದ ದ್ವೇಷದ ಮೇಲೊಂದು. ತುಳಿತಕ್ಕೆ ಸಿಕ್ಕವರ ಪಕ್ಕದಲ್ಲೇ ದೇವರು ನಿಲ್ಲುತ್ತಾನೆಂದು ನಮ್ಮವರೇ ಆದ ಕಪ್ಪು ಬೋಧಕರೊಬ್ಬರು ಬರೆದದ್ದು ಇನ್ನೊಂದು. ಬಿಳಿಯರು ಸಾಲುಸಾಲಿಗೂ ಹಳದಿ ಗೆರೆ ಎಳೆಯುತ್ತಿದ್ದರು. ನಾವು ಅದರೊಳಗೇ ಬದುಕಿದವರು, ಎಲ್ಲಿ ಅಂತ ಎಳೆಯುವುದು? ನಾನು ಮೆಕ್ಕೆಜೋಳದ ಬ್ರೆಡ್ಡು ಕೊಯ್ದು ಎಲ್ಲರಿಗೂ ಹಂಚುತ್ತಿದ್ದೆ.

ನನ್ನ ದೊಡ್ಡಮ್ಮ ಐಡೆಲ್ ಮಾತ್ರ ಒಂದು ಬುಧವಾರವನ್ನೂ ತಪ್ಪಿಸಲಿಲ್ಲ. ಅವಳ ತಮ್ಮ, ನನ್ನ ಸೋದರಮಾವ ಕ್ಲೀವ್, ಕಪ್ಪು ಜನ ಓಟಿನ ಹಕ್ಕು ಕೇಳಿದರೆ ಬಿಳಿಯರು ಕೊಲ್ಲುತ್ತಿದ್ದ ಅರವತ್ತರ ದಶಕದಲ್ಲಿ, ತನ್ನ ಇಪ್ಪತ್ತೆರಡರ ಹರೆಯದಲ್ಲಿ, ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದವನು ಮನೆಗೆ ಬರಲಿಲ್ಲ. ಹೆಣವೂ ಸಿಗಲಿಲ್ಲ. ಅವನನ್ನು ಎತ್ತಿಕೊಂಡು ಹೋದ ಟ್ರಕ್ಕು ಡ್ವೈಟ್‌ನ ಅಪ್ಪನದೆಂದು ಊರಿಗೆಲ್ಲ ಗೊತ್ತಿತ್ತು, ಬಾಯಿಬಿಡುವ ಧೈರ್ಯ ಯಾರಿಗೂ ಇರಲಿಲ್ಲ. ಸ್ಮಶಾನದಲ್ಲಿ ಅಜ್ಜಿಯ ಗೋರಿಯ ಪಕ್ಕ ದೊಡ್ಡಮ್ಮ ತಮ್ಮನಿಗೆಂದು ಜಾಗ ಉಳಿಸಿಟ್ಟಿದ್ದಳು. ಅವನ ಮೂಳೆ ಸಿಕ್ಕರೆ ಸಾಕಿತ್ತು ಅವಳಿಗೆ.

ಅಪ್ಪನ ಪಾಪಕ್ಕೆ ಮಗ ಹೊಣೆಯೇ ಎಂಬ ಅಧ್ಯಾಯ ಓದಿದ ದಿನ ಡ್ವೈಟ್ ಎದ್ದು ನಿಂತ. ಎಪ್ಪತ್ತರ ಮುದುಕ.

“ಕ್ಲೀವ್‌ನ ಕೊಂದಿದ್ದು ನಮ್ಮಪ್ಪ. ಸಾಯೋವಾಗ ನಂಗೆ ಹೇಳ್ದ. ಎಲ್ಲಿ ಹೂತೆ ಅಂತಾನೂ ಹೇಳ್ದ. ಇಷ್ಟು ವರ್ಷ ನಾನು ಬಾಯಿ ಬಿಡ್ಲಿಲ್ಲ,” ಎಂದವನು ಬಿಕ್ಕಿ ಬಿಕ್ಕಿ ಅತ್ತ.

ನಾವು ಎಡವಿದ್ದು ಅಲ್ಲೇ. ನಮ್ಮ ಚರ್ಚಿನಲ್ಲೊಂದು ಪದ್ಧತಿಯಿದೆ. ಯಾರಾದರೂ ತಪ್ಪೊಪ್ಪಿಕೊಂಡರೆ ಎಲ್ಲರೂ ಸಾಲಾಗಿ ಹೋಗಿ ಅವರ ಬಲಗೈ ಹಿಡಿಯಬೇಕು, ಎಲ್ಲರಿಗಿಂತ ಹಿರಿಯ ಹೆಂಗಸು ಮೊದಲು. ಹಿಡಿದ ಮೇಲೆ ಆ ಮಾತನ್ನು ಮತ್ತೆ ಎತ್ತಕೂಡದು. ಕಣ್ಣೀರು ಕಂಡದ್ದೇ ತಡ, ಪಾಸ್ಟರ್ ಹಾಡು ಶುರು ಮಾಡಿದರು. ದೊಡ್ಡಮ್ಮ ಏನೋ ಕೇಳಲು ಬಾಯಿ ತೆರೆದಳು, ಹಾಡಿನ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಜೀವಮಾನದ ಅಭ್ಯಾಸ ನೋಡಿ, ಎಲ್ಲರಿಗಿಂತ ಹಿರಿಯಳಾದ ಅವಳೇ ಎದ್ದು ಹೋಗಿ ಮೊದಲು ಅವನ ಕೈ ಹಿಡಿದಳು. ಹಿಂದೆ ನಾವೆಲ್ಲ ಹೋದೆವು.

ಮುಂದಿನ ಬುಧವಾರ ಅವನು ನಗುನಗುತ್ತ ಬಂದ. ದೊಡ್ಡಮ್ಮ ಅವನೆದುರಿಗೆ ಕುರ್ಚಿ ಎಳೆದುಕೊಂಡು ಕೂತಳು.

“ಎಲ್ಲಿ ಹೂತಿದಾನೆ ಡ್ವೈಟ್, ನಿಮ್ಮಪ್ಪ?”

“ಐಡೆಲಮ್ಮ, ಅದು ಅವತ್ತೇ ಮುಗೀತಲ್ಲ. ನೀವೇ ಮೊದಲು ನನ್ನ ಕೈ ಹಿಡಿದ್ರಿ.”

“ಹಿಡಿದೆ. ಈಗ ಜಾಗ ಹೇಳು.”

“ಆ ಜಮೀನು ಈಗ ನಮ್ಮಣ್ಣನ ಮಗಂದು. ಪೊಲೀಸರು ಬಂದು ಅಗೆದ್ರೆ ಅವನ ಹೆಂಡ್ತಿ ಮಕ್ಕಳ ಗತಿ ಏನು? ಅವರೇನ್ ಮಾಡಿದಾರೆ ಪಾಪ.”

“ನಮ್ಮ ಕ್ಲೀವ್ ಏನ್ ಮಾಡಿದ್ದ?”

ಅವನು ತಲೆ ತಗ್ಗಿಸಿ ಪುಸ್ತಕದ ಹಾಳೆ ತಿರುವತೊಡಗಿದ. ಪಾಸ್ಟರ್ ಮೆಲ್ಲಗೆ ದೊಡ್ಡಮ್ಮನ ಭುಜ ಮುಟ್ಟಿದರು.

“ಕ್ಷಮಿಸಿದ ಮೇಲೆ ಕೆದಕಬಾರದಮ್ಮ.”

“ಕ್ಷಮಿಸೋದು ನನ್ನ ಕೆಲಸ, ಪಾಸ್ಟರೇ, ಮಾಡ್ದೆ. ಜಾಗ ಹೇಳೋದು ಅವನ ಕೆಲಸ. ಅದನ್ನೂ ನಾವೇ ಹಾಡಿ ಮುಗಿಸಿಬಿಟ್ವಿ.”

ಪಾಸ್ಟರ್ ಕಣ್ಣು ತುಂಬಿಕೊಂಡರು. ನನಗೆ ಕಣ್ಣೀರೆಂದರೆ ಅಷ್ಟರಲ್ಲಿ ಸಾಕಾಗಿ ಹೋಗಿತ್ತು. ನಾವು ಪೊಲೀಸ್ ಮುಖ್ಯಸ್ಥ ಶೆರಿಫ್‌ನ ಕಚೇರಿಗೂ ಹೋದೆವು. ಡ್ವೈಟ್ ಅಲ್ಲಿಗೆ ವಕೀಲನ ಜೊತೆ ಬಂದು, ಅಪ್ಪ ಜ್ವರದಲ್ಲಿ ಬಡಬಡಿಸಿದ್ದು, ಜಾಗ ನೆನಪಿಲ್ಲ ಎಂದುಬಿಟ್ಟ.

ದೊಡ್ಡಮ್ಮ ಆ ಚಳಿಗಾಲ ದಾಟಲಿಲ್ಲ. ಕೊನೆಕೊನೆಗೆ ಅನ್ನ ನೀರು ಸೇರದಿದ್ದರೂ ಬಾಯಲ್ಲಿ ಒಂದೇ ಮಾತು: “ಕೈ ಹಿಡಿಯೋ ಮೊದಲು ಕೇಳ್ಬೇಕಿತ್ತು ಕಣೇ.”

ಅವಳನ್ನು ಮಣ್ಣು ಮಾಡಿದ ದಿನ ಡ್ವೈಟ್ ಕಪ್ಪು ಸೂಟು ತೊಟ್ಟು ಬಿಳಿ ಲಿಲ್ಲಿಯ ದೊಡ್ಡ ಹೂಚಕ್ರ ಹೊತ್ತು ಬಂದ. ರಿಬ್ಬನ್ನಿನ ಮೇಲೆ ‘ಕ್ಷಮಿಸಿದ ಮಹಾತಾಯಿಗೆ’ ಎಂದು ಬರೆಸಿದ್ದ. ಅಜ್ಜಿಯ ಗೋರಿಗೂ ದೊಡ್ಡಮ್ಮನ ಹಸಿ ಮಣ್ಣಿಗೂ ನಡುವೆ ಕ್ಲೀವ್‌ಗೆಂದು ಬಿಟ್ಟ ನೆಲವಿತ್ತು. ಡ್ವೈಟ್ ಅದನ್ನು ತುಳಿದುಕೊಂಡೇ ಬಂದು ಅವಳ ತಲೆಯ ಕಡೆ ಹೂವಿಟ್ಟ.

ನಾನು ಅದನ್ನೆತ್ತಿ ಅವನ ಕೈಗೆ ವಾಪಸು ಕೊಟ್ಟೆ.

“ಇದನ್ನ ಕ್ಲೀವ್ ಮಾವ ಇರೋ ಕಡೆ ಇಟ್ಟುಬಿಡಿ. ನಮಗೆ ಆ ಜಾಗ ಗೊತ್ತಿಲ್ಲ.”

ನಾವು ಊಟಕ್ಕೆಂದು ಚರ್ಚಿಗೆ ಹೊರಟಾಗಲೂ ಅವನು ಹೂವು ಹಿಡಿದುಕೊಂಡು ಅಲ್ಲೇ ನಿಂತಿದ್ದ.