ಅಕ್ಕನ ಪಾಲು ಬಿಟ್ಟು

ಪತ್ರಿಕೆಯಲ್ಲಿ ಅವನ ಅಂಕಣದ ಹೆಸರು 'ಒಂದು ಅಗುಳು'. ಅನ್ನ ಬೆಂದಿದೆಯೋ ಇಲ್ಲವೋ ಅಂತ ನೋಡೋಕೆ ಪಾತ್ರೆಗೆಲ್ಲ ಕೈ ಹಾಕಬೇಕಾಗಿಲ್ಲ, ಒಂದಗುಳು ಹಿಚುಕಿದರೆ ಸಾಕು, ಇದು ಅವನ ಸಿದ್ಧಾಂತ. ಹೊಸ ವಿಡಿಯೋ ಗೇಮ್ ಬಂತು ಅನ್ನಿ, ಬಂದ ದಿನವೇ ಎರಡೂವರೆ ಗಂಟೆ ಆಡುವುದು, ಎದ್ದು ಕೈ ಕೊಡವಿಕೊಂಡು ಆರುನೂರು ಪದ ಬರೆಯುವುದು, ಕೆಳಗೆ ಐದಕ್ಕೆ ಇಷ್ಟು ಅಂತ ಅಂಕ ಹಾಕುವುದು. ಎಂಟು ವರ್ಷದಿಂದ ಇದೇ ಕಸುಬು. ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಕಚೇರಿಯವರ ಬಾಯಲ್ಲೆಲ್ಲ ಅವನು ಅಗುಳಣ್ಣ.

ಅಗುಳಣ್ಣನಿಗೆ ಒಂದು ಜಂಬ ಇತ್ತು. ರೂಪದ ಜಂಬ, ವಿದ್ಯೆಯ ಜಂಬ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಇವನದು ನ್ಯಾಯದ ಜಂಬ, ಸ್ವಾಮಿ. ಆ ಕಾಯಿಲೆಗೆ ಮದ್ದಿಲ್ಲ. ಗೇಮ್ ಕಂಪನಿಯವರು ಕಳಿಸಿದ ಟೀ ಶರ್ಟುಗಳನ್ನು ಬಿಚ್ಚದೆ ವಾಪಸ್ ಕಳಿಸುತ್ತಿದ್ದ. ಅವರ ಕಡೆಯವರು ಯಾರಾದರೂ ಸಿಕ್ಕಿ ಚಹಾ ಕುಡಿಯೋಣ ಬನ್ನಿ ಅಂದರೆ, "ನನಗೆ ಬಾಯಾರಿಕೆ ಆದಾಗ ನಾನೇ ಕುಡೀತೀನಿ" ಅನ್ನುತ್ತಿದ್ದ. ಒಮ್ಮೆ ಸ್ವಂತ ಹೆಂಡತಿ ಹುಟ್ಟುಹಬ್ಬಕ್ಕೆ ಕೊಟ್ಟ ಗೇಮಿಗೇ ಐದಕ್ಕೆ ಒಂದೂವರೆ ಹಾಕಿ, ಆ ವಾರವೆಲ್ಲ ಮನೆಯಲ್ಲಿ ಮಾತಿಲ್ಲದೆ ಊಟ ಮಾಡಿದ್ದ.

ಅಂಥವನ ಮುಂದೆ ಬಂದು ಕೂತಿದ್ದು ಅಕ್ಕನ ಆಟ.

ಅಕ್ಕ ಇವನಿಗಿಂತ ಐದು ವರ್ಷ ದೊಡ್ಡವಳು. ಅವಳ ಕಸುಬು ಶಬ್ದ. ಬಾಗಿಲು ಕಿರುಗುಟ್ಟುವುದು, ನೀರು ತೊಟ್ಟಿಕ್ಕುವುದು, ಬಟ್ಟೆ ಸರಿಯುವುದು, ಇವನ್ನೆಲ್ಲ ಹಿಡಿದು ಪರದೆಯ ಮೇಲಿನ ಚಿತ್ರಕ್ಕೆ ಕೂಡಿಸುವುದು. ಮೂರು ವರ್ಷದಿಂದ ಒಂದು ಮಿಲಿಟರಿ ಆಟಕ್ಕೆ ಹೆಜ್ಜೆ ಶಬ್ದ ಹಿಡಿಯುತ್ತಿದ್ದಳು. ಹೆಚ್ಚಿಗೆ ಏನೂ ಬಾಯಿ ಬಿಡುವಂತಿರಲಿಲ್ಲ, ಕಂಪನಿಗೆ ಸಹಿ ಹಾಕಿಕೊಟ್ಟಿದ್ದಳು. ಆದರೂ ತಮ್ಮನಿಗೆ ಫೋನು ಮಾಡುತ್ತಿದ್ದಳು. "ಪುಟ್ಟಾ, ಇವತ್ತು ತಗಡಿನ ಮೇಲೆ ನಲವತ್ತು ಸಲ ನಡೆದೆ ಕಣೋ. ಬೂಟಲ್ಲಿ ಇಪ್ಪತ್ತು, ಬರಿಗಾಲಲ್ಲಿ ಇಪ್ಪತ್ತು. ಭಯದಲ್ಲಿರೋನು ಹಿಮ್ಮಡಿ ಊರಲ್ಲ ಗೊತ್ತಾ?" ಅರ್ಧ ಕಟ್ಟಿ ಬಿಟ್ಟ ಕಟ್ಟಡವೊಂದರಲ್ಲಿ ಅವಳು ಮೈಕು ಹಿಡಿದು ಮೆಟ್ಟಿಲು ಹತ್ತಿ ಇಳಿದು ಮಾಡುತ್ತಿದ್ದಾಗ ಕಾವಲುಗಾರ ಬಂದು, "ಏನಮ್ಮಾ, ಏನಾದ್ರೂ ಕಳ್ಕೊಂಡ್ರಾ?" ಅಂತ ಮೂರು ದಿನ ಅವಳ ಜೊತೆ ಹುಡುಕಿದ್ದನಂತೆ. ಮನೆಯಲ್ಲಿ ಎಲ್ಲಿ ನೋಡಿದರೂ ಬೂಟು, ಚಪ್ಪಲಿ, ಜಲ್ಲಿಕಲ್ಲು ತುಂಬಿದ ತಟ್ಟೆ. "ಎಲ್ಲರ ಮನೇಲೂ ಚಪ್ಪಲಿಗೊಂದು ಮೂಲೆ ಇರುತ್ತೆ, ನಮ್ಮನೇಲಿ ಗಂಡನಿಗೊಂದು ಮೂಲೆ" ಅಂತ ಭಾವ ನಗುತ್ತಿದ್ದರು.

ಆಟ ಬಿಡುಗಡೆಯಾದ ಗುರುವಾರ ಅಗುಳಣ್ಣ ನೆಟ್ಟಗೆ ಸಂಪಾದಕರ ಕೋಣೆಗೆ ಹೋದ. "ಸಾರ್, 'ಹನ್ನೆರಡನೇ ತುಕಡಿ' ನಮ್ಮಕ್ಕ ಕೆಲಸ ಮಾಡಿರೋ ಆಟ. ಬೇರೆ ಯಾರಿಗಾದ್ರೂ ಕೊಡಿ."

ಸಂಪಾದಕರು ಕನ್ನಡಕದ ಮೇಲಿಂದ ನೋಡಿದರು. "ಬೇರೆ ಯಾರಿದಾರಯ್ಯಾ? ಅಡುಗೆ ಅಂಕಣದವರಿಗೆ ಕೊಡ್ಲಾ? ನೀನು ಸತ್ಯಹರಿಶ್ಚಂದ್ರನ ಮೊಮ್ಮಗ ಅಂತ ಊರಿಗೇ ಗೊತ್ತು. ಹೋಗು, ಬರಿ."

ಅಗುಳಣ್ಣ ಕಂಪ್ಯೂಟರಿನ ಮುಂದೆ ಕೂತು ಯೋಚಿಸಿದ. ಅಕ್ಕನ ಕೆಲಸ ಕಿವಿಗೆ ಬಿದ್ದರೆ ಮನಸ್ಸು ಮೆತ್ತಗಾಗುತ್ತದೆ. ಆ ತಗಡು, ಆ ಬೂಟು, ಆ ಕಾವಲುಗಾರ ಎಲ್ಲ ನೆನಪಿಗೆ ಬಂದು ಅಂಕ ಏರುತ್ತದೆ. ಹಾಗಾದರೆ ಏನು ಮಾಡಬೇಕು? ಅಕ್ಕನ ಪಾಲು ಪಕ್ಕಕ್ಕಿಟ್ಟು ಉಳಿದದ್ದನ್ನು ತೂಗಬೇಕು. ಸರಿ, ಶಬ್ದ ಪೂರ್ತಿ ಸೊನ್ನೆಗೆ ಇಳಿಸಿದ. ಶುರುವಿನಲ್ಲಿ ಪರದೆಯ ಮೇಲೆ 'ದಯವಿಟ್ಟು ಹೆಡ್‌ಫೋನ್ ಹಾಕಿಕೊಳ್ಳಿ' ಅಂತ ಬಂತು. ಎಲ್ಲಾ ಆಟದವರೂ ಹೀಗೇ ಬಡಾಯಿ ಕೊಚ್ಚುತ್ತಾರೆ ಅಂದುಕೊಂಡು ಮುಂದಕ್ಕೆ ಒತ್ತಿದ. ತಾನು ಮಾಡಿದ್ದು ಮಹಾ ನ್ಯಾಯ ಅಂತ ಅವನ ಎದೆ ಒಂದಿಂಚು ಉಬ್ಬಿತು ಕೂಡ. ಅಯ್ಯೋ ಬುದ್ಧಿವಂತ!

ಪಾಳುಬಿದ್ದ ಸಿಮೆಂಟ್ ಕಾರ್ಖಾನೆ. ಈ ಕಡೆ ಹನ್ನೆರಡು ಜನ, ಆ ಕಡೆ ಹನ್ನೆರಡು ಜನ, ಎಲ್ಲರೂ ಎಲ್ಲೆಲ್ಲೋ ಅವರವರ ಮನೆಯಲ್ಲಿ ಕೂತು ಆಡುವ ನಿಜವಾದ ಮನುಷ್ಯರು. ಬೇರೆ ಆಟಗಳಲ್ಲಿ ಮೂಲೆಯಲ್ಲೊಂದು ನಕ್ಷೆ ಇರುತ್ತದೆ, ಶತ್ರು ಎಲ್ಲಿದ್ದಾನೆ ಅಂತ ಕೆಂಪು ಚುಕ್ಕೆ ಇರುತ್ತದೆ. ಇಲ್ಲಿ ಏನೇನೂ ಇಲ್ಲ. ಬಂದೂಕು ಹಿಡಿದ ಎರಡು ಕೈ, ಮುಂದೆ ಗೋಡೆ. ಅವನು ಬಗ್ಗಿಕೊಂಡು ನಾಲ್ಕು ಹೆಜ್ಜೆ ಹೋದ, ಸತ್ತ. ಮತ್ತೆ ಹುಟ್ಟಿ ಮೆಟ್ಟಿಲು ಹತ್ತಿದ, ಸತ್ತ. ಮೂಟೆಗಳ ಹಿಂದೆ ಅವಿತು ಕೂತ, ಕೂತಲ್ಲೇ ಸತ್ತ. ಕೆಳಗಡೆ ಮೂಲೆಯಲ್ಲಿ ಪುಟ್ಟ ಬಾಯಿಯ ಗುರುತೊಂದು ಹತ್ತಿ ಆರಿ ಹತ್ತಿ ಆರಿ ಆಗುತ್ತಿತ್ತು. ಅವನ ಪಕ್ಷದವರು ಯಾರೋ ಅವನಿಗೆ ಏನೋ ಕೂಗಿ ಹೇಳುತ್ತಿದ್ದರು. ಅದೂ ಕೇಳಿಸಲಿಲ್ಲ. ಎರಡೂವರೆ ಗಂಟೆಯಲ್ಲಿ ಮೂವತ್ತೊಂದು ಸಲ ಸತ್ತ, ಒಬ್ಬನನ್ನೂ ಹೊಡೆಯಲಿಲ್ಲ. ಎದ್ದಾಗ ಮುಖ ಕೆಂಪಗಾಗಿತ್ತು.

ಆ ಸಿಟ್ಟಿನಲ್ಲೇ ಬರೆದ. "ಈ ಆಟದಲ್ಲಿ ಸಾವು ಹೇಳದೆ ಕೇಳದೆ ಬರುತ್ತದೆ. ಎಚ್ಚರಿಕೆಯಿಲ್ಲ, ಸುಳಿವಿಲ್ಲ. ಯಾಕೆ ಸತ್ತೆ ಅಂತ ಸತ್ತವನಿಗೇ ಗೊತ್ತಾಗುವುದಿಲ್ಲ." ಇಟ್ಟಿಗೆಯ ಬಣ್ಣ ಚೆನ್ನಾಗಿದೆ, ಧೂಳು ಚೆನ್ನಾಗಿದೆ ಅಂತ ನಾಲ್ಕು ಸಾಲು ಸೇರಿಸಿದ. ಶಬ್ದದ ವಿಷಯ ಎತ್ತಲೇ ಇಲ್ಲ, ಅದು ಅಕ್ಕನ ಪಾಲು. ಐದಕ್ಕೆ ಎರಡು ಅಂಕ.

ಶುಕ್ರವಾರ ಅಂಕಣ ಬಂತು. 'ಹೇಳದೆ ಕೇಳದೆ ಸಾಯೋ ಆಟ' ಅನ್ನೋದು ಜನರ ಬಾಯಿಗೆ ಸಿಕ್ಕಿ, ಅಂಕಣ ಓದದವರೂ ಅದನ್ನೇ ಹೇಳಿ ನಗತೊಡಗಿದರು. ಒಬ್ಬರೇ ಆಡುವ ಆಟವಾದರೆ ಇಂಥದ್ದಕ್ಕೆಲ್ಲ ಜಗ್ಗುವುದಿಲ್ಲ. ಇದು ಇಪ್ಪತ್ನಾಲ್ಕು ಜನ ಸೇರಿದರೇ ಶುರುವಾಗುವ ಆಟ. ಮೊದಲ ವಾರ ಜನ ಬರಬೇಕು. ಬರದಿದ್ದರೆ, ಬಂದ ಹತ್ತೋ ಹದಿನೈದೋ ಜನ ಕಾದು ಕಾದು ಎದ್ದು ಹೋಗುತ್ತಾರೆ, ಆಮೇಲೆ ಬಂದವರಿಗೆ ಅವರೂ ಇರುವುದಿಲ್ಲ. ಇದು ಅಗುಳಣ್ಣನಿಗೆ ಗೊತ್ತಿಲ್ಲದ ವಿಷಯವೇನಲ್ಲ.

ಭಾನುವಾರ ಮಧ್ಯಾಹ್ನ ಅಕ್ಕ ಊಟಕ್ಕೆ ಕರೆದಿದ್ದಳು. ಅವಳು ಬೈದರೆ ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಉತ್ತರ ಹೊಸೆದಿದ್ದ. ಅವಳು ಬೈಯಲಿಲ್ಲ. ಬಡಿಸಿದಳು, ಮಜ್ಜಿಗೆ ಹಾಕಿದಳು, ಭಾವ ಕೈ ತೊಳೆಯಲು ಎದ್ದು ಹೋದ ಮೇಲೆ ಮೆಲ್ಲಗೆ ಕೇಳಿದಳು.

"ಪುಟ್ಟಾ, ಶಬ್ದದ ಬಗ್ಗೆ ಒಂದು ಮಾತೂ ಬರೆದಿಲ್ವಲ್ಲೋ. ಅಷ್ಟು ಕೆಟ್ಟದಾಗಿದ್ಯಾ?"

ಅವನು ಮಜ್ಜಿಗೆ ಅನ್ನ ಕಲಸುತ್ತ ಅಂದ, "ಇಲ್ಲಕ್ಕ, ಹಾಗೇನಿಲ್ಲ. ಜಾಗ ಸಾಲಲಿಲ್ಲ."

"ಇಟ್ಟಿಗೆಗೆ ನಾಲ್ಕು ಸಾಲು ಜಾಗ ಸಿಕ್ತಲ್ಲ" ಅಂತ ಅಕ್ಕ ನಕ್ಕಳು. ಆ ನಗುವಿನಲ್ಲಿ ಜೀವ ಇರಲಿಲ್ಲ. "ಇರ್ಲಿ ಬಿಡು. ನೀನು ಸುಳ್ಳು ಬರೆಯೋನಲ್ಲ ಅಂತ ನನಗೆ ಗೊತ್ತು. ಸುಳಿವಿಲ್ಲ ಅಂತ ಬರೆದಿದ್ದೀಯ ಅಂದ್ರೆ ಸುಳಿವು ಕೇಳಿಸಿಲ್ಲ ಅಂತ ಅರ್ಥ. ಅದು ನನ್ನದೇ ತಪ್ಪು."

ಆಗ ಹೇಳಬಹುದಿತ್ತು. ನಾನು ಕೇಳಿಸಿಕೊಂಡೇ ಇಲ್ಲಕ್ಕ ಅಂತ ಒಂದೇ ಒಂದು ವಾಕ್ಯ. ಅದು ಬಿಟ್ಟು, ಕೈ ತೊಳೆದು ಬಂದ ಭಾವನ ಜೊತೆ ಹವಾಮಾನದ ಬಗ್ಗೆ ಮಾತಾಡಿ ಎದ್ದು ಬಂದ.

ಮನೆಗೆ ಬಂದವನೇ ಹೆಡ್‌ಫೋನ್ ಹಾಕಿಕೊಂಡು ಕೂತ. ಇನ್ನೂ ಸಂಜೆಯ ಬಿಸಿಲಿತ್ತು. ಇಪ್ಪತ್ನಾಲ್ಕು ಜನ ಸೇರಲು ಇಪ್ಪತ್ತು ನಿಮಿಷ ಕಾದ. ಆಟ ಶುರುವಾಯಿತು, ಅವನು ಎರಡು ಹೆಜ್ಜೆ ಇಟ್ಟ, ನಿಂತ.

ಮೇಲೆ ತಗಡಿನ ಮೇಲೆ ಯಾರೋ ಇದ್ದರು. ಬೂಟು ಹಾಕಿದವನು, ಅವಸರ ಇಲ್ಲದವನು. ಎಡಗಡೆ ಗೋಡೆಯಾಚೆ ಜಲ್ಲಿಯ ಮೇಲೆ ಇನ್ನೊಬ್ಬ, ಅವನು ಹಿಮ್ಮಡಿ ಊರುತ್ತಿರಲಿಲ್ಲ. ಹೆದರಿದ್ದ. ಹಿಂದಿನ ಮೆಟ್ಟಿಲಲ್ಲಿ ಬಟ್ಟೆ ಗೋಡೆಗೆ ಸವರಿದ ಸದ್ದು, ಆಮೇಲೆ ಹಿಡಿದುಕೊಂಡ ಉಸಿರು. ಎಲ್ಲ ಎಷ್ಟು ಸಣ್ಣಗಿತ್ತು ಅಂದರೆ ತನ್ನ ಉಸಿರನ್ನೂ ಹಿಡಿದು ಕೇಳಬೇಕು. ಸುಳಿವಿಲ್ಲ ಅಂದಿದ್ದನಲ್ಲ, ಇಡೀ ಕಾರ್ಖಾನೆಯೇ ಸುಳಿವು. ಮೂಲೆಯ ಪುಟ್ಟ ಬಾಯಿ ಹತ್ತಿತು, ಯಾರೋ ಹೆಂಗಸು ಪಿಸುಗುಟ್ಟಿದಳು, "ಅಣ್ಣಾ, ನಿಮ್ಮ ಬಲಗಡೆ, ಕೂತ್ಕೊಳ್ಳಿ." ಅವನು ಕೂತ. ಅವತ್ತು ಹತ್ತೊಂಬತ್ತು ನಿಮಿಷ ಬದುಕಿದ್ದ. ಆಟ ಮುಗಿದ ಮೇಲೆ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ಮುಖ ಮುಚ್ಚಿಕೊಂಡು ಅತ್ತ.

ಫೋನು ಕೈಗೆ ತೆಗೆದುಕೊಂಡ. ಅಕ್ಕನ ನಂಬರು ಒತ್ತಬೇಕು, ಅಷ್ಟೇ. ಒತ್ತಲಿಲ್ಲ. ಎಂಟು ವರ್ಷ ನ್ಯಾಯ ನ್ಯಾಯ ಅಂತ ಮೆರೆದವನು, ಕಿವಿ ಮುಚ್ಚಿಕೊಂಡು ತೀರ್ಪು ಕೊಟ್ಟೆ ಅಂತ ಯಾವ ಬಾಯಲ್ಲಿ ಹೇಳುವುದು? ಮನಸ್ಸು ಆಗ ಒಂದು ಉಪಾಯ ಹುಡುಕಿತು. ಸುಮ್ಮನೆ ಫೋನಿನಲ್ಲಿ ಹೇಳುವುದಕ್ಕಿಂತ ಶುಕ್ರವಾರದ ಅಂಕಣದಲ್ಲೇ ಸರಿಪಡಿಸೋಣ. ಅಕ್ಕ ಪೇಪರು ಬಿಚ್ಚಿ ನೋಡಲಿ, ಖುಷಿಪಡಲಿ. ಹೇಡಿತನಕ್ಕೆ ಹೀಗೆ ಹೊಸ ಅಂಗಿ ತೊಡಿಸಿ, ಅವನು ನೆಮ್ಮದಿಯಾಗಿ ಮಲಗಿದ.

ಸೋಮವಾರ ಸಂಪಾದಕರನ್ನು ಒಪ್ಪಿಸುವುದೇ ದೊಡ್ಡ ಸಾಹಸವಾಯಿತು. "ಒಂದೇ ಆಟದ ಮೇಲೆ ಎರಡು ಸಲ ಬರೆಯೋ ಪದ್ಧತಿ ನಮ್ಮಲ್ಲಿಲ್ಲ. ಮೊನ್ನೆ ಬೇಯದ ಅಗುಳು ಇವತ್ತು ಹೇಗಯ್ಯಾ ಬೆಂತು?" ಅಂದರು. ಕಾಡಿ ಬೇಡಿ ಒಪ್ಪಿಸಿದ. ಆದರೆ ಶಬ್ದ ತೆಗೆದು ಆಡಿದ್ದೆ ಅಂತ ಅವರಿಗೂ ಹೇಳಲಿಲ್ಲ, ಅಂಕಣದಲ್ಲೂ ಬರೆಯಲಿಲ್ಲ. 'ಎರಡನೇ ಸಲ ಆಡಿದಾಗ' ಅಂತ ಶುರು ಮಾಡಿ, ಪಿಸುಮಾತಿನಷ್ಟು ಸೂಕ್ಷ್ಮವಾದ ಹೆಜ್ಜೆಗಳು, ಉಸಿರು ಹಿಡಿದು ಕೇಳಬೇಕಾದ ಸದ್ದು ಅಂತೆಲ್ಲ ಮನಸಾರೆ ಬರೆದ. ಐದಕ್ಕೆ ನಾಲ್ಕೂವರೆ.

ಶುಕ್ರವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಓದುಗರ ಮಾತುಗಳು ಸುರಿಯತೊಡಗಿದವು. 'ಈತ ಯಾವ ಆಟ ಆಡಿದ್ದಾನೆ ಸ್ವಾಮಿ?' 'ಪಿಸುಮಾತಂತೆ! ನನ್ನ ಕಿವಿ ಇನ್ನೂ ಗುಂಯ್ ಅಂತಿದೆ.' 'ಮಾಡಿದವರು ಇವನ ಅಕ್ಕನಂತೆ, ಅದಕ್ಕೇ ಅಂಕ ಏರಿದೆ.' ಕೊನೆಯದು ಓದಿದಾಗ ಅಗುಳಣ್ಣನಿಗೆ ಮೈ ಉರಿಯಿತು. ಮೊದಲ ಎರಡು ಅರ್ಥವೇ ಆಗಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಆಟ ತೆಗೆದ. ಇಪ್ಪತ್ನಾಲ್ಕರ ಜಾಗದಲ್ಲಿ ಒಂಬತ್ತು ಜನ ಕಾಯುತ್ತಿದ್ದರು. ಹೊತ್ತು ಹೋಗಲಿ ಅಂತ ಅಭ್ಯಾಸದ ಅಂಗಳಕ್ಕೆ ಇಳಿದು ಒಂದು ಹೆಜ್ಜೆ ಇಟ್ಟ. ಧಡ್ ಅಂತು. ಇನ್ನೊಂದು ಹೆಜ್ಜೆ, ಧಡ್. ಕುದುರೆ ಓಡಿದ ಹಾಗೆ. ತಗಡು, ಜಲ್ಲಿ, ಮರ, ಎಲ್ಲಾ ಒಂದೇ ಸಮ ಬಡಿಯುತ್ತಿದ್ದವು. ಆ ಹಿಡಿದ ಉಸಿರು ಈಗ ಗೂರಲು ಹತ್ತಿದವನ ಏದುಸಿರಾಗಿತ್ತು.

ಕುರ್ಚಿಯ ಮೇಲಿದ್ದ ಚೀಲವನ್ನೂ ತೆಗೆದುಕೊಳ್ಳದೆ ಅಕ್ಕನ ಮನೆಗೆ ಓಡಿದ. ಅಕ್ಕ ಕೆಲಸದ ಕೋಣೆಯಲ್ಲಿ ನೆಲದ ಮೇಲೆ ಕೂತು, ಜಲ್ಲಿ ತಟ್ಟೆಗಳನ್ನು ಒಂದರೊಳಗೊಂದು ಜೋಡಿಸಿ ಕಟ್ಟುತ್ತಿದ್ದಳು. ಗೋಡೆಗೆಲ್ಲ ದಪ್ಪ ಸ್ಪಂಜು ಹೊಡೆದ ಕೋಣೆ, ಅಲ್ಲಿ ಆಡಿದ ಮಾತು ಅಲ್ಲೇ ಬೀಳುತ್ತದೆ.

"ಅಕ್ಕಾ, ಶಬ್ದ ಯಾಕೆ ಬದಲಾಯಿಸಿದೆ?"

"ನೀನೇ ಬರೆದಿದ್ದೆಯಲ್ಲೋ, ಸುಳಿವಿಲ್ಲ ಅಂತ. ತಂಡದವರು ಬೇಡ ಬೇಡ ಅಂದ್ರು, ಇದೇ ಆಟದ ಜೀವ ಅಂದ್ರು. ನಾನೇ ಹಟ ಹಿಡಿದೆ. ನನ್ನ ತಮ್ಮನ ಕಿವಿಗೇ ಕೇಳಿಸಿಲ್ಲ ಅಂದ್ಮೇಲೆ ಯಾರಿಗೆ ಕೇಳುತ್ತೆ ಅಂದೆ. ಸೋಮವಾರ ಬೆಳಿಗ್ಗೆಯಿಂದ ಸಾಯಂಕಾಲದ ತನಕ ಕೂತು ಎಲ್ಲ ದೊಡ್ಡದು ಮಾಡಿದೆ. ಮಾರನೇ ದಿನ ಅದು ಎಲ್ಲರ ಕಂಪ್ಯೂಟರಿನ ಆಟಕ್ಕೂ ತಾನಾಗೇ ಇಳೀತು." ಅವಳು ದಾರಕ್ಕೆ ಗಂಟು ಹಾಕಿದಳು. "ಚೆನ್ನಾಗಿಲ್ಲ ಅಂತ ಈಗ ಎಲ್ಲರೂ ಬಿಟ್ಟು ಹೋಗ್ತಿದ್ದಾರೆ. ಇವತ್ತು ನಿನ್ನ ಅಂಕಣ ಓದಿದೆ. ನನ್ನ ಮುಖ ನೋಡಿ ಬರೆದಿದ್ದೀಯ ಅಂತ ಗೊತ್ತಾಯ್ತು. ಹಾಗೆಲ್ಲ ಬರೀಬಾರದು ಪುಟ್ಟಾ. ನೀನು ಅಂಥವನಲ್ಲ."

ಅಗುಳಣ್ಣ ಅವಳ ಎದುರಿಗೆ ಕೂತ. ಶಬ್ದ ಸೊನ್ನೆಗಿಳಿಸಿದ್ದು, ಅವಳ ಪಾಲು ಪಕ್ಕಕ್ಕಿಟ್ಟದ್ದು, ಮೂವತ್ತೊಂದು ಸಲ ಸತ್ತದ್ದು, ಭಾನುವಾರ ಸಂಜೆ ಕೇಳಿ ಅತ್ತದ್ದು, ಫೋನು ಹಿಡಿದು ಇಟ್ಟುಬಿಟ್ಟದ್ದು, ಎಲ್ಲ ಹೇಳಿದ. ಹೇಳುವಾಗ ಒಂದು ಸಲವೂ ತಲೆ ಎತ್ತಲಿಲ್ಲ.

ಹಳೆಯ ಶಬ್ದವನ್ನೇ ಮತ್ತೆ ಹಾಕಬಾರದೇ ಅಂತ ಅವನು ಕೇಳಿದ. ಹಾಕಬಹುದು ಅಂದಳು ಅಕ್ಕ, ಹಾಕಿದರೆ ಕೇಳೋಕೆ ಇಪ್ಪತ್ನಾಲ್ಕು ಜನ ಎಲ್ಲಿದ್ದಾರೆ ಅಂದಳು. ಕಟ್ಟಿದ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿದಳು.

"ಹಾಗಾದ್ರೆ ನಾನು ಮೊದಲು ಮಾಡಿದ್ದು ಸರಿಯಾಗಿತ್ತಾ?"

"ಸರಿಯಾಗಿತ್ತಕ್ಕ. ಅಂಥದ್ದು ನಾನು ಎಂಟು ವರ್ಷದಲ್ಲಿ ಕೇಳಿರಲಿಲ್ಲ."

ಅವಳು ತಲೆಯಾಡಿಸಿದಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ.

"ಭಾನುವಾರ ಊಟಕ್ಕೆ ಬಂದಾಗ ಕೇಳಿದ್ನಲ್ಲೋ ನಿನ್ನ" ಅಂದಳು. "ಕೆಡಿಸೋಕೆ ಕೂತಿದ್ದು ಸೋಮವಾರ."