ಜೋಡಿ ಬಡಿತ

ಬ್ಯಾಟರಿಯ ಕರಿ ವೈರು ಬಿಚ್ಚಿ ಪಕ್ಕಕ್ಕೆ ಸರಿಸಿ, ಗೋರಖನಾಥ ಜೀಪಿನ ಮುಂದಿನ ಸೀಟಿನಲ್ಲಿ ಬಂದು ಕೂತ. ಹಾಡಿನ ಹಳೇ ಟೇಪಿನ ನಾಲ್ಕು ಸ್ಕ್ರೂ ತಿರುವಿದರೆ ಅದು ಹೊರಬರುತ್ತಿತ್ತು. ಆದರೆ ಒಂದೂವರೆ ವರ್ಷದಿಂದ ಅವನು ಅದರ ಗುಂಡಿ ಮುಟ್ಟಿರಲಿಲ್ಲ. ಕೇಳಿದವರಿಗೆ "ಕೆಟ್ಟದ" ಅನ್ನುತ್ತಿದ್ದ.

"ಏನ್ ನೋಡಕತ್ತಿ ಹಂಗ? ಲಗ್ನದ ಹೆಣ್ಣೇನದು? ಎಳಿ ಹೊರಗ," ಎಂದರು ಕುತುಬೋದ್ದೀನ ಚಾಚಾ.

ಚಾಚಾ ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಕೂತಿದ್ದರು. ಎಡಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಪೈಜಾಮದ ಆ ಬದಿಯನ್ನು ಮಡಚಿ ಪಿನ್ನು ಚುಚ್ಚಿದ್ದರು. ಹನ್ನೆರಡು ವರ್ಷ ಇದೇ ಕ್ರೂಸರ್ ಜೀಪಿನ ಹಿಂಬಾಗಿಲಿಗೆ ಜೋತುಬಿದ್ದು "ಔರಾದ, ಭಾಲ್ಕಿ, ಬೀದರ" ಎಂದು ಕೂಗಿ ಮಂದಿ ಹತ್ತಿಸಿದವರು ಅವರು. ಜೀಪು ಹಿಂದೆ ಸರಿಸುವಾಗ ಕೆಳಗಿಳಿದು ತಗಡಿಗೆ ಅಂಗೈ ಬಡಿಯುತ್ತಿದ್ದರು. ಒಂದೊಂದೇ ಬಡಿತವೆಂದರೆ ಬರಲಿ, ಜೋಡಿ ಬಡಿತವೆಂದರೆ ನಿಲ್ಲು. ಗೋರಖನಾಥ ಕನ್ನಡಿ ನೋಡುತ್ತಿರಲಿಲ್ಲ, ಆ ಕೈಯನ್ನು ನಂಬುತ್ತಿದ್ದ.

ಒಂದೂವರೆ ವರ್ಷದ ಹಿಂದೆ ಭಾಲ್ಕಿಯ ಸಂತೆಯ ದಿನ ಗೋದಾಮಿನ ಗೋಡೆಗೂ ಹಿಂದೆ ಸರಿಯುತ್ತಿದ್ದ ಜೀಪಿಗೂ ನಡುವೆ ಚಾಚಾನ ಕಾಲು ಸಿಕ್ಕಿತು. ಮಂದಿ ಕೂಡಿ ಗೋರಖನಾಥನ ಕಾಲರಿಗೆ ಕೈ ಹಾಕಿದರು. "ಒಂದೇ ಬಡದ್ರು. ಬರ್ಲಿ ಅಂದ್ರಂತ ತಿಳ್ದು ಬಂದೀನ್ರಿ," ಎಂದು ಅವನು ಅಂದುಬಿಟ್ಟ. ನಿಜಕ್ಕೂ ಅವನಿಗೆ ಯಾವ ಬಡಿತವೂ ಕೇಳಿಸಿರಲಿಲ್ಲ. ಟೇಪು ದೊಡ್ಡ ದನಿಯಲ್ಲಿ ಹಾಡುತ್ತಿತ್ತು.

ನೆಲದ ಮೇಲೆ ಬಿದ್ದಿದ್ದ ಚಾಚಾ ಆ ಮಾತು ಕೇಳಿಸಿಕೊಂಡರು. ಬೀದರಿನ ದವಾಖಾನೆಯಲ್ಲಿ ಎಚ್ಚರಾದಾಗ, "ಅವನ್ನ ಬಿಡ್ರಿ. ನನ್ನ ಕೈ ಮೋಸ ಮಾಡ್ತು," ಅಂದರು. ಆಮೇಲೆ ಅದನ್ನೇ ನಂಬಿದರು. ಜೀಪು ನಿಲ್ಲುವಲ್ಲಿ ಕೂತು ಮಂದಿ ಕರೆಯುವ ಕೆಲಸವನ್ನೂ ಒಲ್ಲೆ ಅಂದರು. ಮಗಳು ಅಕ್ತರಬೀ ಹೆತ್ತಾಗ ಕೂಸನ್ನು ಎತ್ತಿಕೊಳ್ಳಲಿಲ್ಲ. ಹೊರಸಿನ ಮೇಲೆ ಮಲಗಿಸಿದರೆ ಬೆರಳು ಕೊಟ್ಟು ಆಡಿಸುವರು, ಅಷ್ಟೇ. "ಈ ಕೈ ಭರೋಸಾದ್ದಲ್ಲ ಬೇಟಿ" ಅನ್ನುವರು.

ಎರಡು ಮಳೆಗಾಲ ಹುಸಿಹೋಗಿ ಓಣಿಯ ಅರ್ಧ ಮನೆಗಳಿಗೆ ಕೀಲಿ ಬಿದ್ದಿತ್ತು. ದಿನದ ಸವಾರಿ ನಿಂತುಹೋಗಿ, ಗೋರಖನಾಥ ವಾರಕ್ಕೆರಡು ಸಲ ದುಡಿಯಲು ಹೋಗುವವರನ್ನು ಹೈದರಾಬಾದಿಗೆ ಒಯ್ದು ಬಿಡುತ್ತಿದ್ದ. ನಾಳೆ ಬೆಳಿಗ್ಗೆ ಅಕ್ತರಬೀಯ ಮನೆಯವರ ಸರದಿ. ಅವಳ ಗಂಡನಿಗೆ ಅಲ್ಲಿ ಕಾವಲು ಕೆಲಸ ಸಿಕ್ಕಿತ್ತು. ಒಂಟಿ ಕಾಲಿನ ಮೇಲೆ ನೀರಿನ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಲ್ಲಲಾಗದ ಚಾಚಾನೂ ಹೊರಟಿದ್ದರು. "ಮುಂದಿನ ಸೀಟ್ ನಂದು. ಹನ್ನೆರಡು ವರ್ಷ ಜೋತಬಿದ್ದೀನಿ, ಈ ಸಲ ನವಾಬನಂಗ ಕುಂದ್ರತೀನಿ," ಎಂದು ಎಂಟು ದಿನದಿಂದ ಹೇಳುತ್ತಿದ್ದರು.

ಅವರು ಹೋಗುವ ಮೊದಲು ನಿಜ ಹೇಳಿಬಿಡಬೇಕು ಎಂದು ಗೋರಖನಾಥ ನಿಶ್ಚಯಿಸಿದ್ದ. ಬರಿಗೈಯಲ್ಲಿ ಹೇಳಲು ಬಾಯಿ ಬರಲಿಲ್ಲ. ಬೀದರಿಗೆ ಹೋಗಿ ಸ್ಕ್ರೀನಿನ ಟೇಪು, ಅದಕ್ಕೆ ಜೋಡಿಸುವ ಹಿಂದಿನ ಕ್ಯಾಮೆರಾ ತಂದ. ತಾಸಿನಲ್ಲಿ ಕೂಡಿಸಿ ಕೊಡುತ್ತೇನೆಂದ ಅಂಗಡಿಯವನಿಗೆ ಬೇಡ ಅಂದ. ಚಾಚಾನ ಮುಂದೆ ತನ್ನ ಕೈಯಿಂದಲೇ ಕೂಡಿಸಬೇಕಿತ್ತು ಅವನಿಗೆ.

ಹಳೇ ಟೇಪು ಹೊರಗೆ ಬಂತು. ಅದರ ಹಿಂದೆ ಬಣ್ಣಗೆಟ್ಟ ವೈರುಗಳ ಗಂಟು.

"ಅಂಗಡ್ಯಾಂವ ಚಿತ್ರದ ಕಾಗದ ಕೊಟ್ಟಾನ ಚಾಚಾ."

"ಕಾಗದಕ್ಕೇನ್ ಗೊತ್ತು ಈ ಗಾಡಿ? ಇದರ ಹೊಟ್ಟ್ಯಾಗಿನ ಕರಳು ಕಟ್ಟಿದಾಂವ ನಾ. ಹಳದಿದು ನೆಟ್ಟಗ ಬ್ಯಾಟರಿದು. ಕೆಂಪುದು ಚಾವಿದು. ಕರೀದು ಬಾಡಿಗಿ ಕಟ್ಟು. ಬರೇ ಸುತ್ತಬ್ಯಾಡ, ಹುರಿ ಹೊಸದಂಗ ಹೊಸಿ."

ಗೋರಖನಾಥ ಹೊಸೆದ, ಮೇಲೆ ಕರಿ ಅಂಟುಪಟ್ಟಿ ಸುತ್ತಿದ. ಹಿಂದೆ ನಂಬರು ತಗಡಿನ ಮೇಲೆ ತೂತು ಕೊರೆದು, ಹುಣಸೆ ಬೀಜದಷ್ಟು ಕಣ್ಣಿನ ಕ್ಯಾಮೆರಾ ಬಿಗಿದ. ಅದರ ಉದ್ದನೆಯ ವೈರನ್ನು ಮ್ಯಾಟಿನ ಕೆಳಗೆ ಹಾಯಿಸುವಾಗ ಹೆಂಡತಿ ಶಾಲುಬಾಯಿ ಮುಂದೆ ಕೂತು ಎಳೆದಳು.

"ಬಂತೇನ?"

"ನಿನ್ನಂಗೇ ಅದ. ಎಳದ್ರೂ ಬರವಲ್ದು," ಎಂದಳು ಅವಳು. ಚಾಚಾ ಹೊಟ್ಟೆ ಹಿಡಿದು ನಕ್ಕರು.

ಮುಂದಿನ ಸೀಟಿನ ದಾರಿಗೆ ಅಡ್ಡ ಬಂದ ವೈರನ್ನು ಗೋರಖನಾಥ ಮತ್ತೆ ಬಿಚ್ಚಿ ಬದಿಗೆ ಒತ್ತಿದ. ಚಾಚಾ ಬಗಲುಗೋಲನ್ನು ಅಲ್ಲೇ ಊರಬೇಕು.

ಬ್ಯಾಟರಿ ಜೋಡಿಸಿ ಚಾವಿ ತಿರುವಿದಾಗ ಸ್ಕ್ರೀನು ನೀಲಿಯಾಗಿ ಹೊತ್ತಿತು. ಹಾಡು ಬಂತು. ಶಾಲುಬಾಯಿ ಬಾಯಿಗೆ ಸೆರಗು ಹಚ್ಚಿ ಕೂತಳು. ಒಂದೂವರೆ ವರ್ಷದ ಮೇಲೆ ಆ ಜೀಪಿನಲ್ಲಿ ಹಾಡು. ಗೋರಖನಾಥ ಬ್ರೇಕು ತುಳಿದ. ಕೂಡಲೇ ಹಾಡು ನಿಂತು, ಸ್ಕ್ರೀನಿನಲ್ಲಿ ಹಿಂದಿನ ಅಂಗಳ, ಹೊರಸು, ಚಾಚಾನ ಒಂದು ಕಾಲು ಮೂಡಿದವು. ಬ್ರೇಕು ಬಿಟ್ಟ, ಹಾಡು ಬಂತು. ಮತ್ತೆ ತುಳಿದ, ನಿಂತಿತು.

"ಅರೇ ಶಾಣ್ಯಾ! ಬ್ರೇಕ್ ಲೈಟಿನ ತಾರಿಗಿ ಕಟ್ಟೀದಿ. ದಾರ್ಯಾಗ ಪ್ರತಿ ಗುಂಡಿಗೂ ಹಿಂದ ನೋಡ್ಕೋತ ಹೋಗ್ತಿಯೇನ? ತಡಿ." ಚಾಚಾ ಕುಂಟುತ್ತ ಬಂದು, ಜೀಪಿಗೆ ಭುಜ ಕೊಟ್ಟು ನಿಂತು, ಹಿಂದಿನ ದೀಪದ ಡಬ್ಬಿಯಿಂದ ಸರಿಯಾದ ವೈರು ಹೆಕ್ಕಿ ತಾವೇ ಕಟ್ಟಿದರು. "ಈಗ ಹಾಕು, ಹಿಂದಿನ ಗೇರು."

ಗೇರು ಬಿತ್ತು. ಚಿತ್ರ ಬಂತು, ಹಾಡು ನಿಂತಿತು.

"ಚಿತ್ರ ಬರ್ಲಿ, ಖರೇ. ಹಾಡ್ ಯಾಕ ಬಂದಾಗ್ತದ?"

ಗೋರಖನಾಥ ಸ್ಟೇರಿಂಗ್ ಹಿಡಿದೇ ಹೇಳಿದ. "ಅದು ಹಂಗೇ ಇರೋದಂತ್ರಿ. ಹಿಂದ ನಿಂತವ್ರ ಆವಾಜ ಡ್ರೈವರಗ ಕೇಳ್ಸಲಿ ಅಂತ."

"ವಾಹ್! ಭಾಳ ಶಾಣ್ಯಾ ಅದ. ಇದರ ಕೈ ತಪ್ಪಂಗಿಲ್ಲ ಬಿಡು, ನನ್ನ ಕೈ ತಪ್ಪಿದಂಗ." ಚಾಚಾ ತಗಡು ಸವರಿದರು. "ನಿಂಗಿನ್ನ ಫಿಕರ್ ಇಲ್ಲ."

"ನಿಮ್ಮ ಕೈ ತಪ್ಪಿಲ್ಲ ಚಾಚಾ."

"ಏನ?"

ಅವನು ಇಳಿದು ಹಿಂದೆ ಬಂದ. "ಅವತ್ತ ನಂಗ ಒಂದೂ ಕೇಳ್ಸಿಲ್ರಿ. ಟೇಪ ಜೋರ ಇತ್ತು. ಒಂದ ಬಡದ್ರು ಅಂತ ನಾ ಸುಳ್ಳ ಹೇಳ್ದೆ."

ಗೇರು ಹಿಂದಕ್ಕೇ ಬಿದ್ದಿತ್ತು, ಸ್ಕ್ರೀನಿನಲ್ಲಿ ಅವರಿಬ್ಬರೂ ಸಣ್ಣದಾಗಿ ನಿಂತಿದ್ದರು. ಮುಂದೆ ಕೂತಿದ್ದ ಶಾಲುಬಾಯಿ ಅದನ್ನೇ ನೋಡುತ್ತಿದ್ದಳು.

"ಯಾಕ?" ಎಂದರು ಚಾಚಾ.

"ಮಂದಿ ಕೂಡಿದ್ರು. ಅಂಜಿದ್ನಿ."

"ಅವತ್ತ ಅಂಜಿದ್ದಿ. ಮರುದಿನ?"

ಚಾಚಾ ತಮ್ಮ ಬಲಗೈ ಎತ್ತಿ ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ಹಿಂಬಾಗಿಲಿಗೆ ಬಡಿದರು, ಎರಡು ಸಲ, ಒಂದರ ಬೆನ್ನಿಗೊಂದು. ಗಿಡದ ಮೇಲಿನ ಕಾಗೆ ಎದ್ದಿತು.

"ಹಿಂಗೇ ಬಡದಿದ್ನಿ. ನಂಗ ನೆನಪದ. ನೀ ಹೇಳಿದ್ಮ್ಯಾಲ ನನ್ನ ನೆನಪೇ ಸುಳ್ಳಂತ ತಿಳ್ದೆ."

ಬಗಲುಗೋಲು ಊರಿಕೊಂಡು ಅವರು ಮನೆಯತ್ತ ತಿರುಗಿದರು. ಕೈ ಹಿಡಿಯಲು ಹೋದ ಗೋರಖನಾಥನಿಗೆ, "ಬ್ಯಾಡ," ಎಂದರು. ಶಾಲುಬಾಯಿ ಕೆಳಗಿಳಿದು ಬಿದ್ದಿದ್ದ ವೈರಿನ ತುಂಡುಗಳನ್ನು ಆಯತೊಡಗಿದಳು. "ನಂಗರ ಹೇಳಬಾರದಿತ್ತ?" ಎಂದಳು ಗಂಡನಿಗೆ, ತಲೆ ಎತ್ತದೆ.

ಬೆಳಿಗ್ಗೆ ಜೀಪು ತುಂಬಿತು. ಗಂಟುಗಳು, ಕೊಡಗಳು, ಮಡಚಿದ ಚಾಪೆಗಳು ಮೇಲೇರಿದವು. ಮುಂದಿನ ಸೀಟಿನ ಮೇಲೆ ಶಾಲುಬಾಯಿ ಕೌದಿ ಹಾಸಿದ್ದಳು. ಚಾಚಾನನ್ನು ಕರೆಯಲು ಹೋದವಳು ಒಬ್ಬಳೇ ತಿರುಗಿ ಬಂದಳು.

"ಕೀಲಿ ಹಾಕ್ಯಾರ. ಬಸ್ಸಿಗಿ ಹೋಗ್ತೀವಂತ ಅಕ್ತರಬೀ ಬಾಜೂಕಿನವ್ರಿಗಿ ಹೇಳಿ ಹೋಗ್ಯಾಳ."

ಹಿಂದಿನಿಂದ ಯಾರೋ, "ಹೊಸಾ ಟೇಪ ಅದ, ಹಚ್ಚರಿ!" ಎಂದರು. ಗೋರಖನಾಥ ಹಚ್ಚಿದ. ಹಿಂದಿನ ಗೇರಿಗೆ ಹಾಕಿದಾಗ ಹಾಡು ತಾನೇ ನಿಂತಿತು. ಸ್ಕ್ರೀನಿನಲ್ಲಿ ಬೇವಿನ ಗಿಡ, ಖಾಲಿ ಹೊರಸು ಹತ್ತಿರ ಹತ್ತಿರ ಬಂದವು. ಜೀಪು ನಿಲ್ಲಿಸಬೇಕಾದ ಜಾಗದಲ್ಲಿ ಅವನು ನಿಲ್ಲಿಸಿದ. ಸ್ವಲ್ಪ ಹೊತ್ತು ಗೇರು ಬದಲಿಸದೆ ಕಿವಿಗೊಟ್ಟು ಕೂತ.

"ಯಾಕ್ರಿ, ಏನಾಯ್ತು?" ಎಂದರು ಹಿಂದಿನವರು.

"ಏನಿಲ್ರಿ."

ಬಸ್ ನಿಲ್ದಾಣದ ಮುಂದೆ ಬಂದಾಗ ವೇಗ ಇಳಿಸಿದ. ಕಲ್ಲು ಬೆಂಚಿನ ತುದಿಯಲ್ಲಿ ಕುತುಬೋದ್ದೀನ ಚಾಚಾ ಕೂತಿದ್ದರು. ಬಗಲುಗೋಲು ನೆಲದ ಮೇಲೆ ಬಿದ್ದಿತ್ತು. ಅಕ್ತರಬೀಯ ಕೂಸನ್ನು ಅವರು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರು, ಮುಖದ ಮಟ್ಟಕ್ಕೆ, ಮೇಲಕ್ಕೆ. ಕೂಸು ಕಾಲು ಬಡಿಯುತ್ತಿತ್ತು. ಜೀಪಿನ ಸಪ್ಪಳ ಅವರಿಗೆ ಗೊತ್ತಾಗದ ಸಪ್ಪಳವಲ್ಲ. ಅವರು ತಲೆ ತಿರುಗಿಸಲಿಲ್ಲ.

ನಿಲ್ದಾಣ ದಾಟಿದ ಮೇಲೆ, ಹಿಂದೆ ಇಕ್ಕಟ್ಟಿನಲ್ಲಿ ಕೂತಿದ್ದ ಭೀಮಬಾಯಿ ಸೀಟಿನ ಮೇಲಿಂದ ಬಗ್ಗಿ ಕೇಳಿದಳು. "ಅಣ್ಣಾ, ಮುಂದ ಜಾಗಾ ಖಾಲಿ ಅದಲ್ರಿ. ಬರಲೇನ್ರಿ?"

ಗೋರಖನಾಥ ಜೀಪು ಬದಿಗೆ ನಿಲ್ಲಿಸಿ ಆ ಬಾಗಿಲು ತೆರೆದ.

"ಬರ್ರಿ," ಎಂದ. "ಬಾಜೂಕ ವೈರ್ ಅದ ಅಲ್ಲಿ. ಕಾಲ ನೋಡಿ ಇಡ್ರಿ."