ಪಡುವಣ ಕೊಂಬೆಗೆ ನೀರು

"ಈ ಕಡೀಕೆ ಯಾಕವ್ವಾ ಬರೀ ನೀರು?"

ಅಕ್ಕಯಮ್ಮ ಕೇಳಿದಾಗ ಸೌಮ್ಯ ನಿಂಬೆಗಿಡದ ಪಡುವಣ ಕೊಂಬೆಗಳಿಗೆ ನೀಲಿ ದಾರ ಕಟ್ಟುತ್ತಿದ್ದಳು. ಮಹಡಿಯಲ್ಲಿ ಬಾಡಿಗೆಗಿದ್ದ ಈ ಹುಡುಗಿಗೆ ಲ್ಯಾಬಿನಲ್ಲಿ ಕೆಲಸ. ಮೂಡಣ ಕೊಂಬೆಗಳಿಗೆ ಆಗಲೇ ಕೆಂಪು ದಾರ ಕಟ್ಟಿ ಔಷಧಿ ಸಿಂಪಡಿಸಿದ್ದಳು. ಸಾರಕ್ಕಿಯ ಅಕ್ಕಯಮ್ಮನ ಮನೆಯ ಹಿತ್ತಿಲಲ್ಲಿ ಉಳಿದಿದ್ದುದು ಅದೊಂದೇ ಗಿಡ. ಎಲೆ, ಕಾಯಿಗಳ ಮೇಲೆಲ್ಲ ಕಜ್ಜಿ ಎದ್ದು ಅದೂ ಸಾಯುತ್ತದೆಂದು ಅಕ್ಕಯಮ್ಮ ಕಂಗಾಲಾಗಿದ್ದಳು.

"ಔಷಧಿ ಕೆಲ್ಸ ಮಾಡ್ತಾ ಅಂತ ಗೊತ್ತಾಗ್ಬೇಕಲ್ಲ ಆಂಟಿ. ಇದ್ರಲ್ಲಿರೋ ಪೆಪ್ಟೈಡ್ ಕಜ್ಜಿ ತರೋ ಬ್ಯಾಕ್ಟೀರಿಯಾ ಮೈನೇ ತೂತು ಮಾಡಿ ಸಾಯ್ಸುತ್ತೆ. ಒಂದು ಕಡೆ ಇದು, ಇನ್ನೊಂದು ಕಡೆ ನೀರು. ಎರಡು ತಿಂಗಳು ನೋಡಿ, ಆಮೇಲೆ ಈ ಕಡೆಗೂ ಹೊಡಿಯೋಣ."

"ಅಲ್ಲೀಗಂಟ ಬದುಕಿದ್ರೆ ತಾನೆ?"

ಸೌಮ್ಯ ನಕ್ಕಳು. ಓದಿದವರಿಗೆ ಇಂಥ ಮಾತಿಗೆಲ್ಲ ನಗು ಬರುತ್ತದೆ. ಔಷಧಿಯ ಬಾಟಲಿಯನ್ನು ಅಕ್ಕಯಮ್ಮನ ಫ್ರಿಜ್ಜಿನಲ್ಲೇ ಇಟ್ಟು ಕೆಲಸಕ್ಕೆ ಹೋದಳು.

ಅಂದಿನಿಂದ ಮಟಮಟ ಮಧ್ಯಾಹ್ನ ಅಕ್ಕಯಮ್ಮ ಪಾತ್ರೆ ತೊಳೆಯಲು ಕೂತರೆ ಗಿಡದ ಪಡುವಣದಿಂದ ಸಣ್ಣಗೆ ಬಿಕ್ಕುವ ಸದ್ದು. ನಲ್ಲಿ ಸೋರುತ್ತಿದೆಯೆಂದು ಬಿಗಿಮಾಡಿದಳು. ಸದ್ದು ನಿಲ್ಲಲಿಲ್ಲ.

ನಲವತ್ತು ವರ್ಷದ ಹಿಂದೆ ಅವಳ ಅವಳಿ ಮಕ್ಕಳಿಗೆ ಒಟ್ಟಿಗೇ ಜ್ವರ ಬಂದಿತ್ತು. ಇದ್ದದ್ದು ಒಂದೇ ಸೀಸೆ ಔಷಧಿ. ಡಾಕ್ಟರು ಮತ್ತೆ ಬರುವುದು ಸೋಮವಾರ. ಗಂಡುಕೂಸಿಗೆ ಹಾಲು ಕುಡಿಸುವ ಒಳಲೆಯಲ್ಲಿ ಔಷಧಿ, ಹೆಣ್ಣಿಗೆ ಅದೇ ಒಳಲೆಯಲ್ಲಿ ಸಕ್ಕರೆ ನೀರು. ಗಂಡು ಉಳಿಯಲಿ ಎಂದದ್ದು ಅತ್ತೆ. ಆದರೆ ಒಳಲೆ ಹಿಡಿದದ್ದು ತನ್ನ ಕೈ. ಭಾನುವಾರ ಹೆಣ್ಣುಕೂಸನ್ನು ಹಿತ್ತಿಲಲ್ಲಿ ಮಣ್ಣು ಮಾಡಿ, ಮೂಡಣಕ್ಕಿದ್ದ ತಲೆಯ ಕಡೆ ನಿಂಬೆಸಸಿ ನೆಟ್ಟರು. ಎಳೆಗೂಸಿಗೆ ತಿಥಿಯಿಲ್ಲ, ಹೆಸರೂ ಇಟ್ಟಿರಲಿಲ್ಲ.

ನಾಲ್ಕನೆಯ ದಿನ ಅಕ್ಕಯಮ್ಮ ತಡೆಯಲಾರದೆ ಬಾಟಲಿಯಲ್ಲಿದ್ದುದನ್ನೆಲ್ಲ ಪಡುವಣ ಕೊಂಬೆಗಳಿಗೆ ಹೊಡೆದಳು. ಗೊತ್ತಾಗದಿರಲೆಂದು ಬಾಟಲಿಗೆ ನಲ್ಲಿ ನೀರು ತುಂಬಿಟ್ಟಳು. ವಾರವಾರ ಸಿಂಪಡಿಸಲೆಂದು ಸೌಮ್ಯ ತಂದಿಡುತ್ತಿದ್ದ ಬಾಟಲಿಗಳಿಗೆಲ್ಲ ಅದೇ ಗತಿಯಾಯಿತು. ಬಿಕ್ಕುವ ಸದ್ದು ನಿಂತಿತು.

ಎರಡು ತಿಂಗಳಾದ ಮೇಲೆ ಸೌಮ್ಯ ಎಲೆ ಎಣಿಸಿ ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಕೂತಳು. "ಎಲ್ಲಾ ಉಲ್ಟಾ ಆಂಟಿ. ನೀರು ಹೊಡೆದ ಕಡೆ ಚಿಗುರು ಕ್ಲೀನಾಗಿದೆ, ಔಷಧಿ ಕಡೇನೇ ಕಜ್ಜಿ. ಇದ್ರಿಂದ ಪ್ರಯೋಜನ ಇಲ್ಲ ಅಂತ ಬರೆದು ಬಿಟ್ಬಿಡ್ತೀನಿ."

ಅಕ್ಕಯಮ್ಮ ಮೂಡಣ ಕೊಂಬೆಗಳನ್ನು ಸರಿಯಾಗಿ ನೋಡಿದ್ದೇ ಆಗ. ಕೆಂಪು ದಾರದ ಕೆಳಗೆ ಒಣಗಿದ ಕಡ್ಡಿಗಳಿದ್ದವು. ಒಂದನ್ನು ಮುಟ್ಟಿದರೆ ಮುರಿದು ಕೈಗೇ ಬಂತು.

"ಔಷಧಿ ಸರಿಯಾಗೇ ಐತೆ ಕಣವ್ವಾ. ಅದು ಬಿದ್ದಿದ್ದು ಈ ಕಡೀಕೆ. ನೀನು ಆ ಕಡೀಕೆ ಹೊಡ್ದಿದ್ದು ನೀರು. ಬಾಟ್ಲಿಗೆ ನಾನೇ ತುಂಬ್ಸಿಡ್ತಿದ್ದೆ."

"ಯಾಕೆ ಆಂಟಿ?"

"ಈ ಕೊಂಬೆ ಕೆಳ್ಗೆ ನನ್ ಮಗಳು ಮಲಗವ್ಳೆ. ಅವತ್ತು ಅವಳಿಗೆ ನೀರೇ ಕುಡ್ಸಿದ್ದೆ."

ಸೌಮ್ಯ ಎದ್ದು ಎರಡೂ ಕಡೆಯ ದಾರ ಬಿಚ್ಚಿದಳು. ಅಂದು ತಂದಿದ್ದ ಹೊಸ ಬಾಟಲಿಯನ್ನು ಅಕ್ಕಯಮ್ಮನ ಕೈಗೇ ಕೊಟ್ಟಳು. ಅಕ್ಕಯಮ್ಮ ಅದನ್ನು ಹಿಡಿದು ಗಿಡದ ಬುಡಕ್ಕೆ ಹೋದಳು. ಯಾವ ಕಡೆಯಿಂದ ಶುರುಮಾಡಬೇಕೆಂದು ತಿಳಿಯದೆ ಹಾಗೇ ನಿಂತಳು.